ಕಾಸರಗೋಡಿನಲ್ಲಿ ರೈಲು ಫೋಟೊ: ಬೆಳಗ್ಗೆ ಮೂಡು ಬದಿ ಹಿಡಿಯಿರಿ

ಮಂಗಳೂರಿನಿಂದ ಕಾಸರಗೋಡಿಗೆ ರೈಲು ನೋಡಲೆಂದೇ ಹೊರಡುವುದಾದರೆ ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಬನ್ನಿ, ಬೆಳಗ್ಗೆಯೇ ಬನ್ನಿ. ಇಲ್ಲಿ ಹಳಿ ಕಡಲಿನ ಪಕ್ಕದಲ್ಲೇ ಬಡಗಿನಿಂದ ತೆಂಕಿಗೆ ಓಡುತ್ತದೆ. ಜೋಡಿ ಹಳಿಯಲ್ಲಿ ಗಾಡಿಗಳು ಎಡಬದಿ ಹಿಡಿಯುವುದರಿಂದ ತೆಂಕಿಗೆ, ಕೇರಳದ ಷೊರನೂರಿನತ್ತ ಹೋಗುವವು ಮೂಡಣ ಹಳಿಯಲ್ಲಿ, ಮಂಗಳೂರಿಗೆ ಬರುವವು ಪಡುವಣ ಹಳಿಯಲ್ಲಿ. ಚಳಿಗಾಲದ ಸೂರ್ಯ ತೆಂಕಿಗೆ ವಾಲಿರುತ್ತಾನಲ್ಲ, ಮೂಡು ಬದಿಯಲ್ಲಿ ನಿಂತರೆ ತೆಂಕಿಗೆ ಹೋಗುವ ಇಂಜಿನ್‌ನ ಮುಖಕ್ಕೂ ಪಕ್ಕಕ್ಕೂ ಬಿಸಿಲು ಬೀಳುತ್ತದೆ. ಬಡಗಿಗೆ ಬರುವ ಗಾಡಿಯ ಮುಖ ಆ ತಿಂಗಳುಗಳಲ್ಲಿ ಬಹುತೇಕ ನೆರಳಲ್ಲೇ ಇರುತ್ತದೆ. ಅದನ್ನು ಪಕ್ಕದಿಂದ ತೆಗೆದರೆ ಸಾಕು. ಹನ್ನೊಂದು ಗಂಟೆ ದಾಟಿದರೆ ಬಿಸಿಲು ನೆತ್ತಿಗೇರಿ ಬೋಗಿಯ ಕೆಳಗಿನ ಚಕ್ರ, ಸ್ಪ್ರಿಂಗ್‌ಗಳೆಲ್ಲ ಕಪ್ಪಾಗುತ್ತವೆ.

ಮೊದಲ ಆಯ್ಕೆ ಚಂದ್ರಗಿರಿ ಕೋಟೆ. ಹೊಳೆ, ರೈಲು ಸೇತುವೆ, ಕಡಲು ಮೂರೂ ಅಲ್ಲಿಂದ ಕಾಣುತ್ತವೆ. ಸೇತುವೆ ದೂರದಲ್ಲಿದೆ, 200 ಮಿ.ಮೀ.ಗಿಂತ ಉದ್ದದ ಲೆನ್ಸ್ ಬೇಕು. ಅದಕ್ಕಾಚೆ ಕಳನಾಡಿನ ಸುರಂಗವಿದೆ; ಅದರ ಬಾಯಿಯ ಹತ್ತಿರಕ್ಕೆ ಹೋಗಲೇಬೇಡಿ. ಆರಾಮಾಗಿ ಕೂತು ನೋಡುವವರಿಗೆ ಕುಂಬಳೆ ಒಳ್ಳೆಯದು, ನಿಲ್ದಾಣ ಹೆದ್ದಾರಿಯ ಬದಿಯಲ್ಲೇ ಇದೆ.

ಗಂಟೆಗೆ 110 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ 30 ಮೀಟರ್ ಮೀರಿ ಓಡುತ್ತದೆ. ಶಟರ್ 1/500 ಸೆಕೆಂಡಿಗೆ ಇಟ್ಟರೆ ಅಷ್ಟರಲ್ಲೇ ಆರು ಸೆಂ.ಮೀ. ಜರುಗಿರುತ್ತದೆ, ಹತ್ತಿರದಿಂದ ತೆಗೆದರೆ ಇಂಜಿನ್‌ನ ನಂಬರ್ ಮಸುಕಾಗುತ್ತದೆ. 1/1600 ಇಡಿ. ಫೋಕಸ್ ಅನ್ನು ಮೊದಲೇ ಒಂದು ವಿದ್ಯುತ್ ಕಂಬದ ಮೇಲೆ ನಿಲ್ಲಿಸಿ, ಇಂಜಿನ್ ಆ ಕಂಬ ದಾಟುವ ಮೊದಲೇ ಒತ್ತಿ. ತಡವಾದರೆ ಕಂಬ ಇಂಜಿನ್‌ನ ಮುಖಕ್ಕೇ ಅಡ್ಡ ಬರುತ್ತದೆ. ಹೆಡ್‌ಲೈಟಿಗೆ ಕ್ಯಾಮೆರಾ ಮೋಸಹೋಗಿ ಚಿತ್ರ ಕಪ್ಪಾದರೆ ಕ್ಯಾಮೆರಾದ ಎಕ್ಸ್‌ಪೋಶರ್ (ಬೆಳಕಿನ ಅಳತೆ) +0.7ಕ್ಕೆ ಏರಿಸಿ. ವಂದೇ ಭಾರತ್‌ನ ಎಲ್‌ಇಡಿ ಫಲಕ ಮಾತ್ರ ಈ ವೇಗದ ಶಟರಿಗೆ ಅರ್ಧಂಬರ್ಧ ಅಕ್ಷರ ತೋರಿಸುತ್ತದೆ. ಗಾಡಿ ನಿಂತಾಗ 1/100ಕ್ಕೆ ಇಳಿಸಿ ತೆಗೆಯಿರಿ. 2023ರ ಏಪ್ರಿಲ್ 25ರಂದು ಶುರುವಾದ ತಿರುವನಂತಪುರದ ಗಾಡಿ ಕಾಸರಗೋಡಿನಲ್ಲೇ ಕೊನೆಗೊಂಡು ಮರಳುವುದರಿಂದ ಅದಕ್ಕೆ ಬೇಕಾದಷ್ಟು ಸಮಯ ಸಿಗುತ್ತದೆ.

ಎಲೆಕ್ಟ್ರಿಕ್ ಗಾಡಿ ಸದ್ದಿಲ್ಲದೆ ಬರುತ್ತದೆ. ಒಂದು ಗಾಡಿಯ ಸದ್ದಿನಲ್ಲಿ ಇನ್ನೊಂದು ಹಳಿಯ ಗಾಡಿ ಗೊತ್ತೇ ಆಗುವುದಿಲ್ಲ, ಜೀವ ಹೋಗುವುದು ಹೀಗೆಯೇ. ಹಳಿಗೆ ಇಳಿಯುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಂತೆ ಅಪರಾಧ: ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ತಲೆಯ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇದೆ, ಮೇಲ್ಸೇತುವೆಯಲ್ಲಿ ಸೆಲ್ಫಿ ಕೋಲು ಚಾಚಬೇಡಿ. ಪ್ಲಾಟ್‌ಫಾರ್ಮ್ ಟಿಕೆಟ್ ಎರಡು ಗಂಟೆಗೆ ಮಾತ್ರ, ಮುಗಿದರೆ ಇನ್ನೊಂದು ಕೊಳ್ಳಿ. ಟ್ರೈಪಾಡ್ ಬಿಡಿಸಿದರೆ ಪೊಲೀಸರು ವಿಚಾರಿಸುತ್ತಾರೆ, ಕೈಯಲ್ಲೇ ತೆಗೆಯಿರಿ.

ಪ್ರಯಾಣಿಕ ಗಾಡಿ ಎಲ್ಲಿದೆಯೆಂದು ರೈಲ್ವೆಯ ಎನ್‌ಟಿಇಎಸ್ ಆ್ಯಪ್ ಹೇಳುತ್ತದೆ. ಗೂಡ್ಸ್ ಅದರಲ್ಲಿ ಸಿಗುವುದಿಲ್ಲ, ಕೆಂಪಿದ್ದ ಸಿಗ್ನಲ್ ಹಳದಿಗೋ ಹಸಿರಿಗೋ ತಿರುಗಿದರೆ ಸಜ್ಜಾಗಿ. ಮಳೆಗಾಲದಲ್ಲಿ ಬರುವವರು ವೇಳಾಪಟ್ಟಿಯನ್ನು ಹೊಸದಾಗಿ ನೋಡಿಕೊಳ್ಳಿ: ಕೊಂಕಣದಲ್ಲಿ ವೇಗ ತಗ್ಗಿಸುವುದರಿಂದ ನೇತ್ರಾವತಿ, ಮಂಗಳಾದಂಥ ಗಾಡಿಗಳು ಇಲ್ಲಿಗೂ ಬೇರೆ ಹೊತ್ತಿಗೆ ಬರುತ್ತವೆ.