ಹಂಪ್ ಬಂದಾಗಲೆಲ್ಲ ಕೆಂಪು ಲೈಟು

ಇಂಡುವಾಳು ದಾಟಿ ಎರಡು ಹಂಪ್ ಹಾರಿಸಿದ್ದೆ, ಅಷ್ಟೆ. ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಕ್ಯಾನಿನ ಚಿತ್ರದ ಕೆಂಪು ಲೈಟು ಮತ್ತೆ ಮಿಣುಕಿತು. ಹೆಂಡತಿಯ ಊರಿಂದ ಮೈಸೂರಿಗೆ ವಾಪಸ್ ಹೊರಟಿದ್ದೆವು. ಬೈಕು, ಆಟೋ, ಟ್ರ್ಯಾಕ್ಟರನ್ನೆಲ್ಲ 2023ರ ಆಗಸ್ಟ್‌ನಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿಯಿಂದ ಸರ್ವಿಸ್ ರಸ್ತೆಗೆ ಇಳಿಸಿದರಲ್ಲ, ಅವುಗಳ ಜೊತೆ ನನ್ನ ಮಾರುತಿ 800 ಸ್ವಂತ ಇಷ್ಟದಿಂದಲೇ ಇಳಿದಿದೆ. ಸ್ಪೀಡು ಅರವತ್ತು ದಾಟಿದರೆ ಅದಕ್ಕೂ ಸುಖವಿಲ್ಲ, ನನಗೂ ಇಲ್ಲ.

ಪೆಟ್ರೋಲ್ ಲೈಟು ಹತ್ತಿದರೆ ಇನ್ನೊಂದಷ್ಟು ದೂರ ಹೋಗಬಹುದು. ಆಯಿಲ್ ಲೈಟು ಹಾಗಲ್ಲ. ಪ್ರೆಶರ್ ನಿಜಕ್ಕೂ ಇಳಿದಿದ್ದರೆ ಬೇರಿಂಗ್ ಒಣಗಿ ಎಂಜಿನ್ ಕೂತುಬಿಡುತ್ತದೆ. ಕಬ್ಬಿನ ಗದ್ದೆಯ ಪಕ್ಕ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಐದು ನಿಮಿಷ ಬಿಟ್ಟು ಕಡ್ಡಿ ಎಳೆದು ನೋಡಿದೆ. ಆಯಿಲ್ ಮೇಲಿನ ಗೆರೆಯ ಹತ್ತಿರವೇ ಇತ್ತು.

ಮೂರು ವಾರದ ಹಿಂದೆ ಮೈಸೂರಿನ ಗ್ಯಾರೇಜೊಂದರಲ್ಲಿ ಇದಕ್ಕೇ ಪ್ರೆಶರ್ ಸ್ವಿಚ್ ಹೊಸದು ಹಾಕಿಸಿದ್ದೆ. ಎರಡೇ ದಿನ ಸುಮ್ಮನಿತ್ತು. ಮತ್ತೆ ಹೋದರೆ 'ಆಯಿಲ್ ಪಂಪ್ ಹೋಗಿದೆ, ಎಂಜಿನ್ ಇಳಿಸಬೇಕು' ಎಂದರು. ಆ ಮಾತು ಹೊಟ್ಟೆಯಲ್ಲಿ ಇಟ್ಟುಕೊಂಡೇ ಊರಿಗೆ ಬಂದಿದ್ದೆ.

ಬಾಮೈದನಿಗೆ ಫೋನ್ ಮಾಡಿದೆ. "ಅಯ್ಯೋ ಭಾವ, ಅದರ ವೈರ್ ಕಿತ್ತಾಕ್‌ಬುಡಿ, ಲೈಟ್ ಆರೋಯ್ತದೆ. ನಮ್ ಟ್ರ್ಯಾಕ್ಟರಲ್ಲಿ ಹಂಗೇ ಮಾಡಿರೋದು" ಎಂದ. ಆಮೇಲೆ ಏನನ್ನಿಸಿತೋ, ಮಂಡ್ಯದಿಂದ ಒಬ್ಬ ಎಲೆಕ್ಟ್ರಿಷಿಯನ್‌ನನ್ನು ಕಳಿಸಿದ.

ಟಿವಿಎಸ್ ಎಕ್ಸ್‌ಎಲ್‌ನಲ್ಲಿ ಬಂದವರಿಗೆ ಅರವತ್ತರ ಮೇಲೆ ವಯಸ್ಸು. ಬಾನೆಟ್ ಎತ್ತಿದವರೇ ಮತ್ತೆ ಕಡ್ಡಿ ನೋಡಿದರು. ನಾನು ನೋಡಿದ್ದನ್ನು ಅವರು ಲೆಕ್ಕಕ್ಕೇ ತಗೊಳ್ಳಲಿಲ್ಲ. ಕೈ ಒರೆಸಿಕೊಂಡು ಕೇಳಿದರು: "ಯಾವಾಗ ಹತ್ತದೆ ಸಾ? ಗಾಡಿ ಕಾದು, ಸಿಗ್ನಲ್ಲಲ್ಲಿ ನಿಂತಾಗ್ಲೋ?"

"ಇಲ್ಲ, ಓಡುವಾಗಲೇ. ಹಂಪ್ ಬಂದಾಗ."

"ಆಯಿಲು ಭರ್ತಿ ಐತೆ. ಪಂಪ್‌ಗೇನು ಹಂಪ್ ಬಂತು ಅಂತ ಗೊತ್ತಾದದಾ?"

ಪಂಪ್ ಸವೆದಿದ್ದರೆ ಎಂಜಿನ್ ಕಾದು ಆಯಿಲ್ ತೆಳುವಾದ ಮೇಲೆ, ಐಡ್ಲಿಂಗ್‌ನಲ್ಲಿ ಲೈಟು ಮಿಣುಕುತ್ತದಂತೆ. ಎಕ್ಸಲರೇಟರ್ ಒತ್ತಿದರೆ ಆರುತ್ತದೆ. ನನ್ನದು ಅದರ ತಿರುಗಾಮುರುಗಾ. ಮೂರು ವಾರದಲ್ಲಿ ಈ ಒಂದು ಪ್ರಶ್ನೆಯನ್ನು ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಆ ಲೈಟಿನ ಲೆಕ್ಕಾಚಾರ ಮನೆಯ ಸ್ವಿಚ್ಚಿನ ಹಾಗಲ್ಲ. ಕೀ ತಿರುಗಿಸಿದ ಕೂಡಲೇ ಬಲ್ಬಿನ ಒಂದು ಕಡೆಗೆ ಬ್ಯಾಟರಿಯ 12 ವೋಲ್ಟ್ ಬಂದು ನಿಂತಿರುತ್ತದೆ. ಇನ್ನೊಂದು ಕಡೆಯಿಂದ ಒಂದೇ ಒಂದು ವೈರು ಹೊರಟು ಎಂಜಿನ್ನಿಗೆ ಕಚ್ಚಿಸಿರುವ ಸ್ವಿಚ್ಚಿಗೆ ಹೋಗುತ್ತದೆ. ಪ್ರೆಶರ್ ಇಲ್ಲದಾಗ ಸ್ವಿಚ್ಚು ಆ ವೈರನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿ ಅರ್ಥ್ ಮಾಡುತ್ತದೆ, ಸರ್ಕ್ಯೂಟ್ ಪೂರ್ತಿಯಾಗಿ ಲೈಟು ಹತ್ತುತ್ತದೆ. ಪ್ರೆಶರ್ ಏರಿದರೆ ಬಿಡಿಸುತ್ತದೆ, ಆರುತ್ತದೆ. ಅಂದರೆ ದಾರಿಯ ನಡುವೆ ಆ ವೈರು ಎಲ್ಲಿ ಗಾಡಿಯ ಲೋಹಕ್ಕೆ ತಾಗಿದರೂ ಲೈಟಿಗೆ ಅದೂ ಒಂದೇ, ಇದೂ ಒಂದೇ.

ಕೀ ಆನ್ ಮಾಡಿಸಿದರು. ಲೈಟು ಹತ್ತಿತು. ಸ್ವಿಚ್ಚಿನಿಂದ ವೈರ್ ಎಳೆದರು. ಆರಿತು.

"ನಿಮ್ ಬಾಮೈದ ಇಷ್ಟಕ್ಕೇ ನಿಲ್ಸಿದ್ದ" ಎಂದು ನಕ್ಕರು. "ನಾಳೆ ನಿಜವಾಗ್ಲೂ ಆಯಿಲ್ ಸೋರೋದ್ರೆ ಯಾರು ಯೋಳ್ತಾರೆ?"

ಕಿತ್ತ ತುದಿಯನ್ನು ಗಾಳಿಯಲ್ಲೇ ಬಿಟ್ಟು, ವೈರಿಂಗ್ ಕಟ್ಟನ್ನು ಗೇಣು ಗೇಣಿಗೂ ಹಿಡಿದು ಅಲುಗಿಸುತ್ತ ಬಂದರು. ನಾನು ಸೀಟಿನಲ್ಲಿ ಕೂತು ಡ್ಯಾಶ್‌ಬೋರ್ಡ್ ನೋಡುತ್ತಿದ್ದೆ. ಏನಿಲ್ಲ. ಏನಿಲ್ಲ. ಬ್ಯಾಟರಿಯ ಹತ್ತಿರ ಕೈ ಬಂತು.

"ಹತ್ತಿತು!" ಎಂದು ಹೆಂಡತಿ ನನಗಿಂತ ಮೊದಲೇ ಕೂಗಿದಳು.

ಬ್ಯಾಟರಿಯನ್ನು ಹಿಡಿದಿಡುವ ಪಟ್ಟಿಯ ಅಡಿಗೆ ಕಟ್ಟು ಸಿಕ್ಕಿಕೊಂಡು ಅಪ್ಪಚ್ಚಿಯಾಗಿತ್ತು. ಒಂದು ವೈರಿನ ಪ್ಲಾಸ್ಟಿಕ್ ಸೀಳಿ, ತಾಮ್ರದ ಎಳೆ ಕಬ್ಬಿಣದ ಪಟ್ಟಿಯ ಪಕ್ಕದಲ್ಲೇ ಇಣುಕುತ್ತಿತ್ತು. ಹಂಪ್ ಬಂದಾಗ ಮುಟ್ಟುತ್ತದೆ, ಸಮ ರಸ್ತೆಯಲ್ಲಿ ಬಿಡುತ್ತದೆ. ಎರಡು ದಿನ ಸುಮ್ಮನಿದ್ದದ್ದು ಹೊಸ ಸ್ವಿಚ್ಚಿನ ಪುಣ್ಯವಲ್ಲ. ಆ ಎರಡು ದಿನ ನಾನು ಗಾಡಿಯನ್ನೇ ಹೆಚ್ಚು ತೆಗೆದಿರಲಿಲ್ಲ.

ಪಟ್ಟಿ ಬಿಚ್ಚಿ, ಕೆಟ್ಟ ತುಂಡು ಕತ್ತರಿಸಿ, ಹೊಸ ವೈರ್ ಸೇರಿಸಿ, ಸ್ಲೀವ್ ಹಾಕಿ ಟೇಪ್ ಸುತ್ತಿದರು. ಪಂಪಿನ ಭಯ ನನ್ನ ಮುಖದಲ್ಲೇ ಇತ್ತೇನೋ, ಚೀಲದಿಂದ ಪ್ರೆಶರ್ ಗೇಜು ತೆಗೆದು ಸ್ವಿಚ್ಚಿನ ಜಾಗಕ್ಕೆ ತಿರುಗಿಸಿ ರೇಸ್ ಕೊಡಿಸಿದರು. ಮುಳ್ಳು 3 ಕೆಜಿ ದಾಟಿತು, ಪಂಪ್ ಸರಿಯಾಗೇ ಇತ್ತು. ಸ್ವಿಚ್ ವಾಪಸ್ ಕೂರಿಸಿ ಕೀ ತಿರುಗಿಸಿದರೆ ಲೈಟು ಹತ್ತಿತು, ಸ್ಟಾರ್ಟ್ ಮಾಡಿದರೆ ಆರಿತು. ಬಾನೆಟ್ ಮೇಲೆ ಎರಡು ಸಲ ಗುದ್ದಿ ನೋಡಿದರು. ಮಿಣುಕಲಿಲ್ಲ.

ಇನ್ನೂರೈವತ್ತು ಕೇಳಿದರು. ಮುನ್ನೂರು ಕೊಟ್ಟೆ.

"ಬ್ಯಾಟರಿ ಯಾರ್ ಹಾಕಿದ್ದು ಸಾ?" ಎಂದು ಹೊರಡುವಾಗ ಕೇಳಿದರು. ಎರಡು ತಿಂಗಳ ಹಿಂದೆ, ಕೂಲಿ ಉಳಿಸೋಣ ಎಂದು ಭಾನುವಾರ ಬೆಳಿಗ್ಗೆ ಮನೆ ಮುಂದೆ ಸ್ಪ್ಯಾನರ್ ಹಿಡಿದು ಕೂತವನು ನಾನೇ.

"ಮೈಸೂರಲ್ಲಿ ಯಾರೋ" ಎಂದೆ.

ಹೆಂಡತಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

"ಅವ್ನಿಗೆ ಒಸಿ ಯೋಳಿ ಸಾ, ನಟ್ ಬಿಗಿಯೋಕ್ ಮುಂಚೆ ವೈರ್ ಎಲ್ಲೈತೆ ಅಂತ ನೋಡ್ಕೊಳ್ಳಿ ಅಂತ."

"ಖಂಡಿತ ಹೇಳ್ತೀನಿ" ಎಂದೆ.