ಊಟದಲ್ಲಿ ಬೆರೆಸಿದ ಮಾತ್ರೆ, ಯಾರೂ ಬರೆಯದ ಹಾಳೆ

ಮಾನಸಿಕ ಕಾಯಿಲೆ ಇರುವವರ ಹಕ್ಕು ಅಂದ ಕೂಡಲೇ ನೆನಪಾಗುವುದು ಬೀಗ, ಸರಪಳಿ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿಯಲ್ಲಿದ್ದ 28 ಜನ ಬೆಂಕಿಗೆ ಸಿಕ್ಕಿ ಸತ್ತರು. ಆ ಅನ್ಯಾಯ ಎಲ್ಲರ ಕಣ್ಣಿಗೂ ಬಿತ್ತು. ಆದರೆ ಮನೆಯಲ್ಲೇ ಇದ್ದು, ತಿಂಗಳಿಗೊಮ್ಮೆ ತಾಲ್ಲೂಕು ಆಸ್ಪತ್ರೆಗೋ ಡೇ ಕೇರ್ ಕೇಂದ್ರಕ್ಕೋ ಹೋಗಿ ಬರುವವರ ಹಕ್ಕು ಹಾಗೆ ಸದ್ದು ಮಾಡಿ ಮುರಿಯುವುದಿಲ್ಲ. ಕಾಳಜಿಯ ಹೆಸರಿನಲ್ಲಿ ದಿನಕ್ಕಿಷ್ಟು ಸವೆಯುತ್ತದೆ.

ಸಾರಿನಲ್ಲಿ ಮಾತ್ರೆ ಬೆರೆಸುವುದನ್ನೇ ನೋಡಿ. ಒಲ್ಲೆ ಅನ್ನುವವರಿಗೆ ಗೊತ್ತಾಗದ ಹಾಗೆ ಪುಡಿ ಮಾಡಿ ಹಾಕುವುದು ಎಷ್ಟೋ ಮನೆಗಳಲ್ಲಿ ನಡೆಯುತ್ತದೆ, ಮಾಡುವವರು ಕೆಟ್ಟವರೇನಲ್ಲ. ಆದರೂ ಅದು ಒಪ್ಪಿಗೆಯಿಲ್ಲದ ಚಿಕಿತ್ಸೆ. ಕೆಡುವುದು ಹೀಗೆ: ನಿಧಾನವಾಗಿ ಕರಗಬೇಕಾದ ಮಾತ್ರೆಯನ್ನು ಪುಡಿ ಮಾಡಿದರೆ ಇಡೀ ಡೋಸ್ ಒಮ್ಮೆಗೇ ಮೈಗೆ ಸೇರುತ್ತದೆ. ಅರ್ಧ ಊಟ ಬಿಟ್ಟ ದಿನ ಎಷ್ಟು ಒಳಗೆ ಹೋಯಿತೋ ಯಾರಿಗೂ ಗೊತ್ತಿಲ್ಲ. ಡಾಕ್ಟರಿಗೆ ವಿಷಯ ತಿಳಿಸದಿದ್ದರೆ, ‘ಈ ಡೋಸ್ ಸಾಲುತ್ತಿಲ್ಲ’ ಅಂದುಕೊಂಡು ಅವರು ಹೆಚ್ಚಿಸುತ್ತಾರೆ. ತನಗೇನೋ ಬೆರೆಸಿ ಕೊಡುತ್ತಿದ್ದಾರೆ ಎಂಬ ಅನುಮಾನವೇ ಕಾಯಿಲೆಯ ಭಾಗವಾಗಿರುವವರಿಗೆ ಒಂದು ದಿನ ತಟ್ಟೆಯ ತಳದಲ್ಲಿ ಬಿಳಿ ಪುಡಿ ಕಂಡರೆ, ಅವರ ಅನುಮಾನ ನಿಜವೇ ಆಯಿತಲ್ಲ! ಆಮೇಲೆ ಮಾತ್ರೆಯಷ್ಟೇ ಅಲ್ಲ, ಮನೆಯ ಊಟವೂ ಬೇಡವಾಗುತ್ತದೆ.

ಒಲ್ಲೆ ಅನ್ನುವುದಕ್ಕೆ ಬಹಳ ಸಲ ಕಾರಣ ಇರುತ್ತದೆ: ಹಗಲೆಲ್ಲ ಜೋಂಪು, ಕೈನಡುಕ, ಏರುವ ತೂಕ, ಹೇಳಿಕೊಳ್ಳಲು ನಾಚುವ ಲೈಂಗಿಕ ತೊಂದರೆ. ಮೊದಲು ಅದನ್ನು ಕೇಳಿ, ಚೀಟಿಯಲ್ಲಿ ಬರೆದು ಡಾಕ್ಟರಿಗೆ ಕೊಡಿ. ಮಾತ್ರೆ ಬದಲಿಸಬಹುದು, ರಾತ್ರಿಯ ಒಂದೇ ಡೋಸ್‌ಗೆ ತರಬಹುದು, ಅವರು ಒಪ್ಪಿದರೆ ವಾರಗಟ್ಟಲೆ ಕೆಲಸ ಮಾಡುವ ಇಂಜೆಕ್ಷನ್ ಕೊಡಿಸಬಹುದು.

‘ಅವರಿಗೆ ಬುದ್ಧಿ ಸ್ಥಿಮಿತ ಇಲ್ಲ, ಏನು ಕೇಳುವುದು’ ಎಂಬ ಮಾತನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಒಪ್ಪುವುದಿಲ್ಲ. ಅದರ 4ನೇ ಸೆಕ್ಷನ್ ಪ್ರಕಾರ, ಚಿಕಿತ್ಸೆಯ ಮಾಹಿತಿ ಅರ್ಥವಾದರೆ, ಅಥವಾ ತನ್ನ ನಿರ್ಧಾರದಿಂದ ಏನಾದೀತು ಎಂಬ ಅಂದಾಜಿದ್ದರೆ, ಅಥವಾ ಅದನ್ನು ಮಾತಿನಲ್ಲೋ ಸನ್ನೆಯಲ್ಲೋ ತಿಳಿಸಲು ಬಂದರೆ, ಆ ವ್ಯಕ್ತಿಗೆ ನಿರ್ಧರಿಸುವ ಸಾಮರ್ಥ್ಯ ಇದೆ ಎಂದೇ ಲೆಕ್ಕ. ನಿರ್ಧಾರ ನಮಗೆ ತಪ್ಪಾಗಿ ಕಂಡಿತು ಎಂಬುದು ಸಾಮರ್ಥ್ಯವಿಲ್ಲ ಎನ್ನಲು ಸಾಲದು. ಈ ಒಂದು ಸಾಲು ಎಲ್ಲ ಒಪಿಡಿಯ ಗೋಡೆಯ ಮೇಲೂ ಇರಬೇಕಿತ್ತು.

ಕಾಯ್ದೆ ಕೊಟ್ಟ ದೊಡ್ಡ ಆಯುಧ ಮುಂಗಡ ನಿರ್ದೇಶನ. ಚೆನ್ನಾಗಿರುವಾಗಲೇ ಬರೆದಿಡುವುದು: ಮುಂದೆ ನನಗೆ ನಿರ್ಧರಿಸುವ ಸಾಮರ್ಥ್ಯ ಇಲ್ಲವಾದಾಗ ಹೇಗೆ ನೋಡಿಕೊಳ್ಳಬೇಕು, ಏನು ಮಾಡಬಾರದು, ನನ್ನ ಪರವಾಗಿ ಯಾರು ಮಾತಾಡಬೇಕು. ನಿಗದಿತ ನಮೂನೆಯಲ್ಲಿ ತುಂಬಿ, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ಈ ಕಾಯ್ದೆಯಡಿ ಅರ್ಜಿ, ದೂರು ಕೇಳುವ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯಲ್ಲಿ ನೋಂದಾಯಿಸಬೇಕು. ಪ್ರತಿನಿಧಿ ಮನೆಯವರೇ ಆಗಬೇಕೆಂದಿಲ್ಲ. ವಯಸ್ಕರಾಗಿದ್ದು, ಲಿಖಿತವಾಗಿ ಒಪ್ಪಿದ ಸ್ನೇಹಿತರೂ ಆಗಬಹುದು.

‘ನನಗೆ ಒಳ್ಳೆಯ ಚಿಕಿತ್ಸೆ ಕೊಡಿ’ ಎಂದು ಬರೆದರೆ ಏನೂ ಬರೆಯದಂತೆಯೇ. ‘ಈ ಮಾತ್ರೆಯಿಂದ ನನಗೆ ಕತ್ತು ಸೆಳೆತ ಬಂದಿತ್ತು, ಅದನ್ನು ಕೊಡಬೇಡಿ. ಎರಡು ರಾತ್ರಿ ನಿದ್ದೆ ಬಿಟ್ಟರೆ ಅದು ನನ್ನ ಮೊದಲ ಲಕ್ಷಣ, ಆಗಲೇ ನನ್ನ ಪ್ರತಿನಿಧಿಗೆ ಫೋನ್ ಮಾಡಿ. ಕೆಲಸದ ಜಾಗಕ್ಕೆ ತಿಳಿಸಬೇಡಿ’ ಎಂದು ಬರೆಯಿರಿ. ಬಹಳ ಕಡೆ ಈ ಹಾಳೆ ಸೋಲುವುದು ಬೀರುವಿನಲ್ಲಿ. ಡಾಕ್ಟರ ಕೈಗೆ ತಲುಪಿಸುವ ಜವಾಬ್ದಾರಿ ಬರೆದವರದ್ದು ಮತ್ತು ಪ್ರತಿನಿಧಿಯದ್ದು. ಪ್ರತಿ ಸಿಗದಿದ್ದರೆ ಪಾಲಿಸಲಿಲ್ಲವೆಂದು ಡಾಕ್ಟರನ್ನು ದೂರುವಂತಿಲ್ಲ. ಒಂದು ಪ್ರತಿ ಒಪಿಡಿ ಫೈಲಿನಲ್ಲಿ, ಒಂದು ಪ್ರತಿನಿಧಿಯ ಬಳಿ, ಫೋಟೊ ಇಬ್ಬರ ಮೊಬೈಲಿನಲ್ಲೂ ಇರಲಿ. ಮನೆಯವರಿಗೋ ಡಾಕ್ಟರಿಗೋ ಅದು ಒಪ್ಪಿಗೆಯಾಗದಿದ್ದರೆ ಮಂಡಳಿಗೆ ಅರ್ಜಿ ಹಾಕಬೇಕು, ತಾವೇ ಬದಿಗಿಡುವಂತಿಲ್ಲ. ಚೆನ್ನಾಗಿರುವಾಗ ಬರೆದವರೇ ಅದನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು.

ತುರ್ತಿನ ಮಾತು ಬೇರೆ. ಜೀವಕ್ಕೆ ಅಪಾಯ, ತನಗೋ ಇತರರಿಗೋ ಗಂಭೀರ ಹಾನಿ, ಆಸ್ತಿಗೆ ದೊಡ್ಡ ನಷ್ಟ ತಪ್ಪಿಸಲು ಯಾವುದೇ ನೋಂದಾಯಿತ ವೈದ್ಯರು ಆಸ್ಪತ್ರೆಯ ಹೊರಗೂ ಚಿಕಿತ್ಸೆ ಕೊಡಬಹುದು. ಪ್ರತಿನಿಧಿ ಸಿಕ್ಕರೆ ಅವರ ಒಪ್ಪಿಗೆ ಬೇಕು. ಸಾಮಾನ್ಯವಾಗಿ ಇದರ ಮಿತಿ 72 ಗಂಟೆ, ಅದಕ್ಕೆ ಮೊದಲೇ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ತಪಾಸಣೆಯಾದರೆ ಅಲ್ಲಿಗೇ ಮುಗಿಯಿತು. ಈ ಅವಕಾಶದಲ್ಲಿ ಕರೆಂಟ್ ಚಿಕಿತ್ಸೆ ಕೊಡುವಂತಿಲ್ಲ.

ಇನ್ನು ಗುಟ್ಟು. ಚಿಕಿತ್ಸೆ ಹೇಗೆ ನಡೆದಿದೆ ಎಂದು ವಿಚಾರಿಸಲು ಮನೆಗೆ ಬಂದ ಆರೋಗ್ಯ ಕಾರ್ಯಕರ್ತೆ ಬಾಗಿಲಲ್ಲೇ ನಿಂತು ‘ತಲೆ ಮಾತ್ರೆ ತಗೊಳ್ತಿದಾರಾ?’ ಎಂದು ಕೇಳಿದರೆ ಓಣಿಗೆಲ್ಲ ಸುದ್ದಿ. ಸೆಕ್ಷನ್ 23ರ ಗೋಪ್ಯತೆ ಅಲ್ಲಿಗೆ ಹೋಯಿತು. ಒಳಗೆ ಕೂತು, ಮೊದಲು ಅವರೊಬ್ಬರನ್ನೇ ಮಾತಾಡಿಸಿ, ಆಮೇಲೆ ಅವರ ಒಪ್ಪಿಗೆ ಕೇಳಿ ಮನೆಯವರನ್ನು ಕರೆಯುವುದು ಸರಿಯಾದ ಕ್ರಮ. ಎಲ್ಲಿ ಭೇಟಿಯಾಗಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು ಎಂಬುದನ್ನು ಮೊದಲ ದಿನವೇ ಅವರನ್ನೇ ಕೇಳಿಕೊಳ್ಳಬೇಕು.

ತಪ್ಪು ನಡೆದರೆ ದೂರು ಮೊದಲು ಆ ಸೇವೆಯ ಉಸ್ತುವಾರಿ ವೈದ್ಯಾಧಿಕಾರಿಗೆ, ಅಲ್ಲಿ ಸಮಾಧಾನವಾಗದಿದ್ದರೆ ಪರಿಶೀಲನಾ ಮಂಡಳಿಗೆ. ಮಂಡಳಿಗೆ ಅರ್ಜಿ ಹಾಕಲು ಶುಲ್ಕವಿಲ್ಲ. ಕಾಯಿಲೆ ಇರುವವರು, ಅವರ ಪ್ರತಿನಿಧಿ, ಅವರ ಒಪ್ಪಿಗೆಯಿಂದ ಸಂಘಸಂಸ್ಥೆಯವರು ಹಾಕಬಹುದು. ಮಂಡಳಿಯ ತೀರ್ಪು ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ. ದೂರಿನಲ್ಲಿ ‘ಸರಿಯಾಗಿ ನೋಡಿಕೊಳ್ಳುತ್ತಿಲ್ಲ’ ಎಂದಷ್ಟೇ ಬರೆದರೆ ಉತ್ತರವೂ ಹಾಗೇ ತೇಲಿಬರುತ್ತದೆ. ದಿನಾಂಕ, ಜಾಗ, ಯಾರು ಏನೆಂದರು, ಏನು ಸರಿಪಡಿಸಬೇಕು ಎಂದು ಒಂದೇ ಪುಟದಲ್ಲಿ ಬರೆಯಿರಿ. ಒಪಿಡಿ ಚೀಟಿಯ ಜೆರಾಕ್ಸ್ ಲಗತ್ತಿಸಿ, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಬರೆಯಲು ಆಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಉಚಿತ ಕಾನೂನು ನೆರವು ಕೂಡ ಇದೇ ಕಾಯ್ದೆ ಕೊಟ್ಟ ಹಕ್ಕು.