ಹದಿನಾರು ವರ್ಷದ ಕರಾಟೆಗೆ ಒಗ್ಗುವ ಜಿಮ್ಮನ್ನು ಹುಡುಕುತ್ತ

ಒಂಬತ್ತನೆಯ ವಯಸ್ಸಿನಿಂದ ನಾನು ಕಲಿತದ್ದು ಶೋಟೋಕಾನ್ ಕರಾಟೆ, ಕದ್ರಿಯ ಬಳಿಯ ಒಂದು ಶಾಲೆಯ ಸಭಾಂಗಣದಲ್ಲಿ. ಮಂಗಳೂರಿನಲ್ಲಿ ಬೆಳೆದವರಿಗೆ ಇದು ಹೊಸ ವಿಷಯವಲ್ಲ. ಸಂಜೆಯಾದರೆ ಬಿಳಿ ಉಡುಪು ತೊಟ್ಟು ತರಗತಿಗೆ ಹೊರಟ ಮಕ್ಕಳು ನಮ್ಮಲ್ಲಿ ಎಲ್ಲೆಡೆ ಕಾಣಸಿಗುತ್ತಾರೆ. ಹದಿನಾರು ವರ್ಷಗಳ ಅಭ್ಯಾಸದಿಂದ ನನ್ನ ಮೈಗೆ ಒಂದು ರೀತಿ ಹತ್ತಿತ್ತು. ಎದುರಾಳಿಗೆ ಪಕ್ಕೆ ಕೊಟ್ಟು ಅಗಲವಾಗಿ ನಿಲ್ಲುವುದು, ಅಂತರವನ್ನು ಬಿಟ್ಟುಕೊಡದೆ ಕಾಯುವುದು, ಅವನು ಹೆಜ್ಜೆ ಎತ್ತಿದ ಕ್ಷಣದಲ್ಲಿ ನುಗ್ಗಿ ಒಂದು ಗುದ್ದು ಕೊಟ್ಟು ಹಿಂದೆ ಸರಿಯುವುದು. ಕರಾಟೆಯ ಪಂದ್ಯದಲ್ಲಿ ಗುದ್ದು ತಾಗಿದೊಡನೆ ತೀರ್ಪುಗಾರರು ‘ಯಾಮೆ’ ಎಂದು ತಡೆಯುತ್ತಾರೆ, ಇಬ್ಬರೂ ಮೊದಲಿನ ಜಾಗಕ್ಕೆ ಮರಳುತ್ತಾರೆ. ನಾನು ಆಮೇಲೆ ಇಳಿಯಹೊರಟ ಎಂಎಂಎಯಲ್ಲಿ, ಅಂದರೆ ಹಲವು ಸಮರ ಕಲೆಗಳು ಬೆರೆಯುವ ಪಂದ್ಯದಲ್ಲಿ, ಆ ‘ಯಾಮೆ’ ಇಲ್ಲ. ಐದು ನಿಮಿಷಗಳ ಸುತ್ತು ಮುಗಿಯುವವರೆಗೆ ಹೊಡೆತ ಹಿಡಿತವಾಗುತ್ತದೆ, ಹಿಡಿತ ನೆಲದ ಮೇಲಿನ ಹೋರಾಟವಾಗುತ್ತದೆ. ನನ್ನ ಶೈಲಿ ನಿಂತಿದ್ದುದೇ ಅಂತರದ ಮೇಲೆ. ಆ ಅಂತರ ಮುರಿದ ಮೇಲೆ ಏನು ಮಾಡಬೇಕೆಂಬುದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಎಂಎಂಎ ಕಲಿಯಲು ಮೊದಲು ಸೇರಿದ್ದು ನಗರದೊಳಗಿನ ಒಂದು ಜಿಮ್. ಮನೆಗೆ ಹತ್ತಿರ, ಪಂದ್ಯ ಆಡುವ ಹೊಳೆಯುವ ಬಲೆಗೂಡು (ಕೇಜ್), ಗೋಡೆಯ ತುಂಬ ಕನ್ನಡಿ. ನಾನು ನೋಡಿದ್ದು ಅಷ್ಟನ್ನೇ. ಅಲ್ಲಿನ ತರಬೇತುದಾರರು ಥಾಯ್ಲೆಂಡಿನ ಬಾಕ್ಸಿಂಗ್ ಆದ ಮುಆಯ್ ಥಾಯ್ ಹಿನ್ನೆಲೆಯವರು. ಅವರ ವಿದ್ಯೆಯ ಬಗ್ಗೆ ನನಗೆ ಇಂದಿಗೂ ಗೌರವವಿದೆ. ಆದರೆ ಮೊದಲ ದಿನವೇ ಅವರು ಹೇಳಿದ್ದು ಕರಾಟೆಯನ್ನು ಮರೆತುಬಿಡಬೇಕು ಎಂದು. ನಾಲ್ಕು ತಿಂಗಳು ಎದೆಯನ್ನು ನೇರ ಮಾಡಿ, ಕೈಗಳನ್ನು ಹಣೆಯವರೆಗೆ ಎತ್ತಿ ನಿಲ್ಲಲು ಕಲಿತೆ. ನನ್ನ ವೇಗ ಹೋಯಿತು, ಅವರ ರೀತಿಯೂ ಕೈಹಿಡಿಯಲಿಲ್ಲ. ಕೊನೆಗೊಂದು ಸಂಜೆ, ನನಗಿಂತ ಇಪ್ಪತ್ತು ಕಿಲೋ ಹೆಚ್ಚು ತೂಗುವವನೊಡನೆ ಅಭ್ಯಾಸದ ಕಾಳಗಕ್ಕೆ, ಅಂದರೆ ಸ್ಪಾರಿಂಗ್‌ಗೆ ಬಿಟ್ಟರು. ಅವನು ಕಾಲಿನ ಮೇಲೆ ಕುಸಿದಾಗ ನನ್ನ ಎಡ ಮಂಡಿ ತಿರುಚಿ, ಆರು ವಾರ ಮನೆಯಲ್ಲಿ ಕೂರಬೇಕಾಯಿತು. ಅಷ್ಟು ತೂಕದ ಅಂತರದಲ್ಲಿ ಹೊಸಬನನ್ನು ಬಿಡುವುದು ತಪ್ಪು ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಆ ಆರು ವಾರ ಹಳೆಯ ಪಂದ್ಯಗಳನ್ನು ನೋಡುತ್ತ ಕಳೆದೆ. ಬ್ರೆಜಿಲ್‌ನ ಲ್ಯೋಟೊ ಮಚಿಡಾ ತಂದೆಯಿಂದಲೇ ಶೋಟೋಕಾನ್ ಕಲಿತವರು. 2009ರ ಮೇ ತಿಂಗಳಲ್ಲಿ ರಶಾದ್ ಎವಾನ್ಸ್ ಅವರನ್ನು ಸೋಲಿಸಿ, ಎಂಎಂಎಯ ದೊಡ್ಡ ಸ್ಪರ್ಧಾ ಸಂಸ್ಥೆಯಾದ ಯುಎಫ್‌ಸಿಯ ಲೈಟ್ ಹೆವಿವೇಟ್ ತೂಕ ವರ್ಗದ ಪಟ್ಟ ಗೆದ್ದರು. ಅವರು ನಿಲ್ಲುವ ಭಂಗಿ ನನ್ನ ಬಾಲ್ಯದ ಭಂಗಿಯೇ. ಆದರೆ ಅದರ ಬೆನ್ನಿಗೆ ಸುಮೊ ಕುಸ್ತಿ ಮತ್ತು ನೆಲದ ಮೇಲೆ ಹಿಡಿದು ಮಣಿಸುವ ವಿದ್ಯೆಯಾದ ಜಿಯು-ಜಿತ್ಸುವಿನ ಅಭ್ಯಾಸವಿತ್ತು. ಹಿಡಿಯಲು ಬಂದವರನ್ನು ತಡೆಯಬಲ್ಲ ಸೊಂಟವಿದ್ದುದರಿಂದಲೇ ಆ ಭಂಗಿ ಉಳಿಯಿತು. ನಮ್ಮವರಲ್ಲೂ ಹಾಗೆಯೇ: 2024ರ ಜೂನ್‌ನಲ್ಲಿ ಯುಎಫ್‌ಸಿಯಲ್ಲಿ ಗೆದ್ದ ಭಾರತದ ಮೊದಲ ಮಹಿಳೆ ಪೂಜಾ ತೋಮರ್ ಚೀನಾದ ಸಮರ ಕಲೆಯಾದ ವುಶುವಿನಿಂದ ಬಂದವರು, ಇನ್ನೊಬ್ಬ ಎಂಎಂಎ ಸ್ಪರ್ಧಿ ರಿತು ಫೋಗಟ್ ಕುಸ್ತಿಯಿಂದ. ತಂದದ್ದನ್ನು ಯಾರೂ ಬಾಗಿಲಲ್ಲಿ ಬಿಟ್ಟು ಒಳಗೆ ಹೋಗಲಿಲ್ಲ. ನನ್ನ ಶೈಲಿಯನ್ನು ಉಳಿಸಿಕೊಂಡು ಅದರ ಬರಿದಾದ ಕಡೆಯನ್ನು ತುಂಬಿಸುವ ಜಾಗ ನನಗೆ ಬೇಕಾಗಿತ್ತು, ಅಂದರೆ ಕುಸ್ತಿ ಮತ್ತು ನೆಲದ ವಿದ್ಯೆ ಗಟ್ಟಿಯಾಗಿರುವ ಜಿಮ್.

ಜಿಮ್ ಬದಲಾಯಿಸುವುದು ನಮ್ಮ ಕಡೆ ಸುಲಭದ ಮಾತಲ್ಲ. ಕೋಟಿ ಚೆನ್ನಯರ ಗರಡಿಗಳಿರುವ, ಪಿಲಿವೇಷದ (ಹುಲಿವೇಷದ) ಹುಡುಗರು ಇಂದಿಗೂ ಗುರುವಿನ ಕಾಲು ಮುಟ್ಟಿ ತಾಲೀಮಿಗೆ ಇಳಿಯುವ ನಾಡಿದು. ಒಬ್ಬರ ಕೈಕೆಳಗೆ ಕಲಿತವನು ಇನ್ನೊಬ್ಬರ ಬಳಿಗೆ ಹೋದರೆ ಅದನ್ನು ದ್ರೋಹವೆಂದೇ ಹಲವರು ತಿಳಿಯುತ್ತಾರೆ. ನಾನು ನನ್ನ ಕರಾಟೆ ಗುರುಗಳ ಮನೆಗೆ ಹೋಗಿ ವಿಷಯ ತಿಳಿಸಿದೆ. ಅವರು ಹರಸಿ ಕಳುಹಿಸಿದರು, ಮೊದಲ ದಿನ ಮ್ಯಾಟ್‌ಗೆ ಇಳಿಯದೆ ಬದಿಯಲ್ಲಿ ಕುಳಿತು ನೋಡು ಎಂದರು.

ಹಾಗೆ ಮೂರು ಕಡೆ ಕುಳಿತು ನೋಡಿದೆ. ತರಬೇತುದಾರರು ಪ್ಯಾಡ್ ಹಿಡಿದು ತೋರಿಸುವ ಹೊಡೆತಗಳು ಎಲ್ಲ ಕಡೆಯೂ ಚೆಂದವೇ. ಅವುಗಳಿಂದ ಏನೂ ತಿಳಿಯುವುದಿಲ್ಲ. ತಿಳಿಯುವುದು ತರಗತಿಯ ಕೊನೆಯ ಇಪ್ಪತ್ತು ನಿಮಿಷಗಳಲ್ಲಿ, ಎರಡು ವರ್ಷ ಕಲಿತ ಸಾಮಾನ್ಯ ಶಿಷ್ಯರು ದಣಿದು ಸ್ಪಾರಿಂಗ್ ಮಾಡುವಾಗ. ಎಲ್ಲರೂ ಒಂದೇ ಅಚ್ಚಿನಲ್ಲಿ ನಿಂತಿದ್ದರೆ ಅಲ್ಲಿ ಗುರುವಿನ ಶೈಲಿಗೆ ಮಾತ್ರ ಜಾಗವಿದೆ. ಕತ್ತು ಒತ್ತಿಸಿಕೊಂಡವನು ಸೋಲೊಪ್ಪಿ ಕೈ ತಟ್ಟಿದ (ಟ್ಯಾಪ್ ಮಾಡಿದ) ಕೂಡಲೇ ಹಿಡಿತ ಸಡಿಲುತ್ತದೆಯೇ ಎಂಬುದನ್ನೂ ನೋಡಬೇಕು. ಕತ್ತಿನ ರಕ್ತನಾಳಗಳನ್ನು ಸರಿಯಾಗಿ ಅದುಮಿದರೆ ಪ್ರಜ್ಞೆ ತಪ್ಪಲು ಸುಮಾರು ಹತ್ತು ಸೆಕೆಂಡು ಸಾಕು. ಇನ್ನು ನಮ್ಮ ಕರಾವಳಿಯ ಮಳೆಗಾಲದಲ್ಲಿ ಮ್ಯಾಟಿನ ಜೋಡಣೆಯ ಸಾಲಿಗೆ ಅಂಗೈ ಇಟ್ಟು ನೋಡಿ. ಅಂಟಿಕೊಂಡರೆ, ಮುಗ್ಗಲು ವಾಸನೆ ಬಂದರೆ, ಗಜಕರ್ಣ ಹತ್ತುವ ಅಪಾಯವಿದೆ. ನನಗೆ ಒಮ್ಮೆ ಹತ್ತಿ ತಿಂಗಳುಗಟ್ಟಲೆ ಕಾಡಿದೆ.

ನಾನು ಉಳಿದುಕೊಂಡದ್ದು ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ದಾರಿಯ ಬದಿಯಲ್ಲಿ, ತಗಡಿನ ಮಾಡಿನ ಒಂದು ಹಳೆಯ ಗೋದಾಮಿನಲ್ಲಿ. ಅಲ್ಲಿನ ತರಬೇತುದಾರರು ಮೊದಲು ನನ್ನ ಭಂಗಿಯನ್ನು ತೋರಿಸಲು ಹೇಳಿದರು. ನಂತರ ನನ್ನಷ್ಟೇ ತೂಕದ, ಕುಸ್ತಿ ಹಿನ್ನೆಲೆಯ ಒಬ್ಬ ವಿದ್ಯಾರ್ಥಿಯನ್ನು ಕರೆದು ಮುಂಗಾಲನ್ನು ಹಿಡಿಯಲು ಹೇಳಿದರು. ಐದರಲ್ಲಿ ಐದು ಬಾರಿಯೂ ನಾನು ಬೆನ್ನಡಿಯಾಗಿ ಬಿದ್ದೆ. ಅವರು ಬಳಿಗೆ ಬಂದು ನನ್ನ ಹಿಂಗಾಲಿನ ಹಿಮ್ಮಡಿಯನ್ನು ತಮ್ಮ ಹೆಬ್ಬೆರಳಿನಿಂದ ನಾಲ್ಕು ಬೆರಳಿನಷ್ಟು ಹೊರಕ್ಕೆ ತಳ್ಳಿದರು, ಮುಂಗೈಯನ್ನು ಎದೆಯಿಂದ ಹೊಟ್ಟೆಯ ಮಟ್ಟಕ್ಕೆ ಇಳಿಸಿದರು, ಮತ್ತೆ ಹಿಡಿಸಿದರು. ಈ ಬಾರಿ ಅವನ ತಲೆ ನನ್ನ ಅಂಗೈಗೆ ಸಿಕ್ಕಿತು, ನನ್ನ ಸೊಂಟ ಹಿಂದಕ್ಕೆ ಜಿಗಿಯಲು ಜಾಗ ಸಿಕ್ಕಿತು. ಮಿಕ್ಕ ಭಂಗಿಯನ್ನು ಅವರು ಮುಟ್ಟಲೇ ಇಲ್ಲ.

ವಾರಕ್ಕೆ ಮೂರು ದಿನ, ಕೆಲಸ ಮುಗಿಸಿ ಉಡುಪಿಯ ಎಕ್ಸ್‌ಪ್ರೆಸ್ ಬಸ್ ಹಿಡಿಯುತ್ತೇನೆ. ಹೆದ್ದಾರಿಯಲ್ಲಿ ಒಂದೂವರೆ ಗಂಟೆ ಹೋಗುತ್ತದೆ, ಮರಳುವಾಗ ಹನ್ನೊಂದು ದಾಟುತ್ತದೆ. ಅದೇ ಹುಡುಗ ಈಗಲೂ ಐದರಲ್ಲಿ ಎರಡು ಬಾರಿ ನನ್ನನ್ನು ಕೆಡವುತ್ತಾನೆ. ಉಳಿದ ಮೂರು ಬಾರಿ ಅವನು ಬಾಗಿದ ಕ್ಷಣಕ್ಕೆ ನನ್ನ ಹಳೆಯ ನೇರ ಗುದ್ದು ತಾನಾಗಿಯೇ ಹೊರಡುತ್ತದೆ.